ಪೆನ್‌ರಿಡ್ಜ್ ವಕೀಲರ ಅರ್ಥ

ಸೆಪ್ಟೆಂಬರ್ 1, 2014, ಸೋಮವಾರ

ಲೇಬರ್ ಡೇ ರಜೆ. ಹೆಂಡತಿ ಪುಷ್ಪಾವತಿಯನ್ನು ಕರೆದುಕೊಂಡು ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ರ್ಯಾಂಚಿನ ಏಕನಾಥನ ಮನೆಗೆ ಊಟಕ್ಕೆ ಹೋಗಿದ್ದೆ. ಕೋರಿರೊಟ್ಟಿ ಚೆನ್ನಾಗಿತ್ತು. ಆಮೇಲಿನ ಸುದ್ದಿ ಅದಕ್ಕಿಂತ ಚೆನ್ನಾಗಿತ್ತು.

ಏಕನಾಥ ಹಗಲು ಹೊತ್ತು ಔಷಧಿ ಕಂಪನಿಯ ಲ್ಯಾಬಿನಲ್ಲಿರುತ್ತಾನೆ, ಉಳಿದಂತೆ ಭಾಗವತ. ಲಾಸ್ ಏಂಜಲಿಸ್‌ನಿಂದ ಸ್ಯಾನ್ ಡಿಯಾಗೋವರೆಗೆ ಎಲ್ಲಿ ತಾಳಮದ್ದಳೆಯಾದರೂ ಹಾಡುವವನು ಅವನು, ಮಾತಾಡುವವನು ನಾನು. ವೇಷವಿಲ್ಲ, ಕುಣಿತವಿಲ್ಲ. ಅವನು ಪದ್ಯ ಹೇಳುತ್ತಾನೆ, ನಾವು ಕೂತಲ್ಲಿಂದಲೇ ಆ ಪಾತ್ರವಾಗಿ ಅರ್ಥ ಹೇಳಬೇಕು, ಎದುರಿನವರ ಜೊತೆ ವಾದ ಮಾಡಬೇಕು. ಬರೆದಿಟ್ಟ ಮಾತು ಒಂದೂ ಇಲ್ಲ. ವಕೀಲನಿಗೆ ಹೇಳಿ ಮಾಡಿಸಿದ ಕಲೆ. ಕೌರವನಾಗಿ ಕೂತು ಕೃಷ್ಣನ ಬೆವರಿಳಿಸಿದವನು ನಾನು. ಕಥೆಯಲ್ಲಿ ಸೋಲಬೇಕಾದ ಪಾತ್ರ ಕೊಟ್ಟರೂ ಮಾತಿನಲ್ಲಿ ಸೋತಿಲ್ಲ. ಕಡೆಗೆ ಏಕನಾಥನೇ ತಾಳ ತಟ್ಟಿ ಮುಂದಿನ ಪದ್ಯ ಎತ್ತಿ ನನ್ನ ಬಾಯಿ ಮುಚ್ಚಿಸಬೇಕು.

"ನಿತ್ಯಣ್ಣ, ಈ ಸಲ ರಾಜ್ಯೋತ್ಸವಕ್ಕೆ ಮಹಾಭಾರತ ಬೇಡ ಅಂತಾರೆ ಕನ್ನಡ ಕೂಟದವರು. ಇಲ್ಲಿ ಹುಟ್ಟಿದ ಮಕ್ಕಳಿಗೆ ಇಲ್ಲಿಯದ್ದೇ ಕಥೆ ಬೇಕಂತೆ. ನಾನೊಂದು ಪ್ರಸಂಗ ಬರೆದಿದ್ದೇನೆ" ಅಂದ.

ನಾಯಕ ಅಮೋಸ್ ಪೆನ್‌ರಿಡ್ಜ್. ಈ ದೇಶ ಇನ್ನೂ ಇಂಗ್ಲೆಂಡಿನ ರಾಜನ ಕೈಯಲ್ಲಿದ್ದ ಕಾಲದ ಮ್ಯಾಸಚೂಸೆಟ್ಸ್ ವಕೀಲ, ಆಮೇಲೆ ಅಲ್ಲಿಯ ಶಾಸನಸಭೆಯ ಸದಸ್ಯ. ನಿಜವಾಗಿ ಹಾಗೊಬ್ಬ ಇರಲಿಲ್ಲ. ಆ ಕಾಲದ ನಾಲ್ಕಾರು ವಕೀಲರನ್ನು ಕಲಸಿ ಏಕನಾಥನೇ ಕಟ್ಟಿದ್ದಾನೆ. ಪ್ರಸಂಗದ ಹೆಸರು 'ಪೆನ್‌ರಿಡ್ಜ್ ಗರ್ವಭಂಗ'. ಹೆಸರು ಬದಲಿಸು ಅಂದೆ. "ಹೆಸರಿಡುದು ಅರ್ಥಧಾರಿಯ ಕೆಲಸ ಅಲ್ಲ" ಅಂದ. ಇರಲಿ. ಭಂಗ ಆಗುವುದೋ ಇಲ್ಲವೋ ನನ್ನ ಬಾಯಿಯಲ್ಲಿದೆ.

ಬರುವ ದಾರಿಯಲ್ಲಿ ಅಶ್ವಿತಾಳ ಅಪಾರ್ಟ್‌ಮೆಂಟಿಗೆ ಹೋಗಿ ಬಂದೆವು. ಲಾ ಮುಗಿಸಿ ಜುಲೈಯಲ್ಲಿ ಬಾರ್ ಪರೀಕ್ಷೆ ಬರೆದಿದ್ದಾಳೆ, ಫಲಿತಾಂಶ ನವೆಂಬರಿನಲ್ಲಿ. ಆಮೇಲೆ ವುಡ್‌ಲ್ಯಾಂಡ್ ಹಿಲ್ಸಿನ ನನ್ನ ಆಫೀಸು. ಒಬ್ಬಳೇ ಮಗಳು, ಅವಳೂ ವಕೀಲೆ. ಇದರಲ್ಲಿ ಚರ್ಚೆಗೆ ಏನಿದೆ?

ಸೆಪ್ಟೆಂಬರ್ 9, ಮಂಗಳವಾರ

ಡೈಮಂಡ್ ಬಾರಿನ ನಮ್ಮ ಮನೆಯಿಂದ ವುಡ್‌ಲ್ಯಾಂಡ್ ಹಿಲ್ಸಿಗೆ ಡ್ರೈವ್ ಮಾಡುವುದು ಶಿಕ್ಷೆ ಅಂತ ಎಲ್ಲರೂ ಗೊಣಗುತ್ತಾರೆ. ನನಗೆ ಅದೇ ರಿಹರ್ಸಲ್. ಕಿಟಕಿ ಏರಿಸಿ ಗಟ್ಟಿಯಾಗಿ ಅರ್ಥ ಹೇಳುತ್ತ ಹೋಗುತ್ತೇನೆ. ಪಕ್ಕದ ಕಾರಿನವರು ಯಾರಿಗೋ ಫೋನಿನಲ್ಲಿ ಬೈಯುತ್ತಿದ್ದಾನೆ ಅಂದುಕೊಳ್ಳುತ್ತಾರೆ.

ಈ ಅಮೋಸ್ ನನಗೆ ಹಿಡಿಸಿದ್ದಾನೆ. ಪೀಪಾಯಿ ಮಾಡುವವನ ಮಗ. ಮುದಿ ವಕೀಲನೊಬ್ಬನ ಆಫೀಸಿನಲ್ಲಿ ಕಾಗದ ನಕಲು ಮಾಡುತ್ತ ಮಾಡುತ್ತ ಕಾನೂನು ಕಲಿತ. ನ್ಯಾಯಾಧೀಶರು ಊರಿಂದ ಊರಿಗೆ ಹೋಗಿ ಕೋರ್ಟು ನಡೆಸುವಾಗ ಹಿಂದೆಯೇ ಕುದುರೆಯಲ್ಲಿ ಹೋಗುತ್ತಿದ್ದ. ಛತ್ರದಲ್ಲಿ ಎದುರು ಪಾರ್ಟಿಯ ವಕೀಲನ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಿ, ಬೆಳಿಗ್ಗೆ ಎದ್ದು ಅವನನ್ನೇ ಸೋಲಿಸುತ್ತಿದ್ದ. ರಾಜನ ಸುಂಕದವರು ಹೇಳದೆ ಕೇಳದೆ ವ್ಯಾಪಾರಿಗಳ ಮನೆಗೆ ನುಗ್ಗಿದಾಗ ಕೋರ್ಟಿನಲ್ಲಿ ಅವರ ಜನ್ಮ ಜಾಲಾಡಿದ. ಜನ ಅವನನ್ನು ಶಾಸನಸಭೆಗೆ ಕಳಿಸಿದರು. ಅಲ್ಲಿ ನಿಂತು, ನಮ್ಮನ್ನು ಕೇಳದೆ ನಮ್ಮ ಮೇಲೆ ತೆರಿಗೆ ಹಾಕುವುದು ಗುಲಾಮಗಿರಿ ಅಂದ. ಊರೆಲ್ಲ ಗಂಟೆ ಬಾರಿಸಿತು.

ಕಷ್ಟ ಇರುವುದು ಕಡೆಯ ಭಾಗದಲ್ಲಿ. ಆತನ ಮನೆಯಲ್ಲಿ ಡೈನಾ ಅಂತ ಗುಲಾಮ ಹೆಂಗಸು. ಅವಳು ಸ್ವಾತಂತ್ರ್ಯ ಬೇಕು ಅಂತ ಅವನ ಮೇಲೆಯೇ ದಾವೆ ಹೂಡುತ್ತಾಳೆ. ಅಮೋಸ್ ತನ್ನ ಪರ ತಾನೇ ವಾದಿಸಿ ಸೋಲುತ್ತಾನೆ. ಏಕನಾಥನ ಪ್ರಕಾರ ಸೋಲುತ್ತಾನೆ. ನನ್ನ ಹತ್ತಿರ ಒಂದು ಬಾಣ ಇದೆ: 'ಡೈನಾ ನನ್ನ ಸೊತ್ತು. ಸೊತ್ತಿಗೆ ದಾವೆ ಹೂಡುವ ಹಕ್ಕು ಎಲ್ಲಿಯದು? ನಾಳೆ ನನ್ನ ಕುರ್ಚಿ ಕೋರ್ಟಿಗೆ ಬಂದರೆ ಅದನ್ನೂ ಕೂರಿಸಿ ವಿಚಾರಿಸುತ್ತೀರಾ?' ಇದಕ್ಕೆ ಯಾರು ಉತ್ತರ ಕೊಡುತ್ತಾರೋ ನೋಡೋಣ. ಹೇಳಿಕೊಂಡು ನಾನೇ ನಕ್ಕೆ, ಎಕ್ಸಿಟ್ ತಪ್ಪಿತು.

ಸೆಪ್ಟೆಂಬರ್ 20, ಶನಿವಾರ

ಡೈನಾಳ ಅರ್ಥ ಹೇಳಬೇಕಿದ್ದ ದ್ರಾಕ್ಷಾಯಣಿ ಊರಿಗೆ ಹೋಗುತ್ತಾರಂತೆ. ನನ್ನ ಎದುರು ಕೂರಲು ಹೆದರಿಕೆ ಅಂತ ನನ್ನ ಲೆಕ್ಕ. ಏಕನಾಥ ಫೋನಿನಲ್ಲಿ ತಲೆ ಕೆರೆದುಕೊಳ್ಳುತ್ತಿದ್ದಾಗ ವೀಕೆಂಡಿಗೆ ಮನೆಗೆ ಬಂದಿದ್ದ ಅಶ್ವಿತಾ, "ನಾನು ಮಾಡ್ತೇನೆ" ಅಂದಳು.

ನಗು ತಡೆಯಲಾಗಲಿಲ್ಲ. ಇವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ. ಅಜ್ಜಿಯ ಜೊತೆ ಫೋನಿನಲ್ಲಿ ಊಟ ಆಯ್ತಾ ಅನ್ನುವಷ್ಟು ಕನ್ನಡ. ತಾಳಮದ್ದಳೆ ಅಂದರೆ ಹುಡುಗಾಟವಾ?

"ನಿನಗೆ ಯಾಕೆ ಮಗಾ ಈ ಉಸಾಬರಿ?" ಅಂದೆ.

"ಮನೆಯಲ್ಲಿ ನನಗೆ ಟರ್ನ್ ಸಿಗುದಿಲ್ಲ ಅಪ್ಪಾ. ಅಲ್ಲಿ ಸಿಗ್ತದೆ. ಎದುರಿನವರು ಮುಗಿಸುವವರೆಗೆ ಕಾಯಬೇಕು ಅಂತ ರೂಲ್ ಉಂಟಲ್ಲ?" ಅಂದಳು, ಮುಕ್ಕಾಲು ಇಂಗ್ಲಿಷಿನಲ್ಲಿ.

ಪುಷ್ಪಾವತಿ ಒಳಗೆ ಪಾತ್ರೆ ತೊಳೆಯುತ್ತಿದ್ದವಳು ಫಕ್ಕನೆ ನಕ್ಕಳು. ನಗುವಂಥದ್ದು ಏನಿತ್ತೋ.

ಸೆಪ್ಟೆಂಬರ್ 28, ಭಾನುವಾರ

ಅಶ್ವಿತಾಳಿಗೆ ಅರ್ಥ ಬರೆದುಕೊಟ್ಟೆ, ಬಾಯಿಪಾಠ ಮಾಡಲಿ ಅಂತ. ಒಳ್ಳೆಯ ಪ್ರೌಢ ಕನ್ನಡ. ಎದುರಾಳಿಗೆ ನಾನೇ ಬಾಣ ಮಾಡಿಕೊಡುವ ಪರಿಸ್ಥಿತಿ. ತೀರ ಚೂಪು ಮಾಡಿಲ್ಲ.

ಅಕ್ಟೋಬರ್ 7, ಮಂಗಳವಾರ

ಮನಸ್ಸು ಕೆಟ್ಟಿದೆ.

ಆಫೀಸಿಗೆ ಹೊಸ ಬೋರ್ಡು ಹಾಕಿಸಿದ್ದೆ. 'ನಿತ್ಯಾನಂದ ಆಂಡ್ ಡಾಟರ್, ಇಮಿಗ್ರೇಷನ್ ಲಾಯರ್ಸ್'. ಅವಳಿಗೆ ಸಂತೋಷವಾಗಲಿ ಅಂತ ಹೇಳದೆ ಕರೆಸಿದೆ. ಬಂದಳು. ಬೋರ್ಡಿನ ಕೆಳಗೆ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ಇಂಗ್ಲಿಷಿನಲ್ಲಿ ಒಂದೇ ಮಾತು, "ನನ್ನನ್ನು ಕೇಳಿದಿರಾ?"

ಸ್ಯಾನ್ ಡಿಯಾಗೋದ ಪಬ್ಲಿಕ್ ಡಿಫೆಂಡರ್ ಆಫೀಸಿನಲ್ಲಿ ಕೆಲಸಕ್ಕೆ ಅಪ್ಲೈ ಮಾಡಿದ್ದಾಳಂತೆ. ವಕೀಲರನ್ನು ಇಟ್ಟುಕೊಳ್ಳಲಾಗದ ಆರೋಪಿಗಳ ಪರ ನಿಲ್ಲುವ ಸರ್ಕಾರಿ ಕೆಲಸ. ಅವರು ಒಪ್ಪಿದ್ದಾರಂತೆ, ನವೆಂಬರ್ ಕೊನೆಗೆ ಇವಳು ಉತ್ತರ ಹೇಳಬೇಕಂತೆ. ಕಳ್ಳರು, ಕುಡುಕರು, ಜಗಳಗಂಟರು. ನಾನು ಸುಮ್ಮನಿರಲಿಲ್ಲ. ನಾನು ಕಟ್ಟಿದ ಆಫೀಸು, ನನ್ನ ಕಕ್ಷಿದಾರರು, ನಾಳೆ ಇದೆಲ್ಲ ಯಾರಿಗೆ ಅಂತ ಕೇಳಿದೆ. ಅವಳು ಬಾಯಿ ತೆರೆದಾಗಲೆಲ್ಲ ನನಗೆ ಮುಂದಿನ ಪಾಯಿಂಟು ಹೊಳೆಯಿತು. ಒಂದೂ ತಪ್ಪು ಪಾಯಿಂಟಲ್ಲ.

ಕೊನೆಗೆ ಹೇಳಿದೆ, "ಒಂದು ಕೆಲಸ ಮಾಡುವ. ತಾಳಮದ್ದಳೆಯಲ್ಲಿ ನೀನು ಗೆದ್ದರೆ ಸ್ಯಾನ್ ಡಿಯಾಗೋ, ನಾನು ಗೆದ್ದರೆ ವುಡ್‌ಲ್ಯಾಂಡ್ ಹಿಲ್ಸ್."

"ನನ್ನ ಲೈಫು ಪ್ರಸಂಗ ಅಲ್ಲ ಅಪ್ಪಾ" ಅಂದು ಕಾರು ಹತ್ತಿ ಹೋದಳು. ಗೆಲ್ಲುವ ಧೈರ್ಯ ಇಲ್ಲ ಅಂತ ಅರ್ಥ.

ಅಕ್ಟೋಬರ್ 8, ಬುಧವಾರ

ಫೋನಿಲ್ಲ. ನಾನೂ ಮಾಡಿಲ್ಲ.

ಅಕ್ಟೋಬರ್ 19, ಭಾನುವಾರ

ನಮ್ಮ ಮನೆಯಲ್ಲಿ ರಿಹರ್ಸಲ್. ಅಶ್ವಿತಾ ಬರುತ್ತಾಳೋ ಇಲ್ಲವೋ ಅಂತ ಪುಷ್ಪಾವತಿಗೆ ಆತಂಕ. ನನಗೇನಿಲ್ಲ. ಬೆಳಿಗ್ಗೆಯಿಂದ ಗಿಡಗಳಿಗೆ ನೀರು ಹಾಕುವ ನೆಪದಲ್ಲಿ ಬೀದಿ ಕಾದದ್ದು ನಾನಲ್ಲ, ಅವಳು ಹಾಗೆ ಹೇಳುತ್ತಾಳೆ ಅಷ್ಟೆ.

ಬಂದಳು. ಏಕನಾಥ ಪದ್ಯ ಹಾಡಿದ. ನಾನು ಬರೆದುಕೊಟ್ಟದ್ದನ್ನು ಹೇಳಲು ಹೋಗಿ 'ಸ್ವಾತಂತ್ರ್ಯಾಪೇಕ್ಷಿಣಿಯಾದ' ಅನ್ನುವಲ್ಲಿ ಅಶ್ವಿತಾಳ ನಾಲಿಗೆ ತೊಡರಿತು. ತಿದ್ದಿದೆ. ಮುಂದಿನ ಸಾಲಿನಲ್ಲಿ ಮತ್ತೆ ತೊಡರಿತು, ಮತ್ತೆ ತಿದ್ದಿದೆ.

ಚಹಾಕ್ಕೆ ಎದ್ದಾಗ ಏಕನಾಥ ನನ್ನನ್ನು ಬದಿಗೆ ಕರೆದ. "ನಿತ್ಯಣ್ಣ, ಸೋಲುವ ಪಾತ್ರವನ್ನು ಚೆಂದ ಮಾಡಿ ಸೋಲಿಸುದೂ ಅರ್ಥಗಾರಿಕೆಯೇ. ನೀವು ಅಷ್ಟೊಂದು ಮಾಡಿದ್ದೀರಿ, ಅದೊಂದು ಮಾತ್ರ ಮಾಡಿಲ್ಲ."

ಹಾಡುವವರಿಗೆ ಮಾತಿನ ಕಷ್ಟ ತಿಳಿಯುವುದಿಲ್ಲ.

ಹೋಗುವಾಗ ಅಶ್ವಿತಾಳನ್ನು ಕೇಳಿದೆ, "ನನ್ನನ್ನು ಅಮೋಸ್ ಮಾಡಿ ನೀನು ಡೈನಾ ಆಗುದು ಅಲ್ವಾ? ಕೂಟದ ಎದುರು ಅಪ್ಪನ ಮರ್ಯಾದೆ ತೆಗಿಯುದು?" ಅವಳಿಗೆ ನಿಜವಾಗಿ ಬೇಸರವಾಯಿತು. "ಇಲ್ಲ ಅಪ್ಪಾ. ಡೈನಾಳನ್ನು ಮಾರಿದ್ದರು. ನನಗೆ ಲಾ ಡಿಗ್ರಿ ಉಂಟು, ಕಾರುಂಟು, ನಾನು ಯಾವಾಗ ಬೇಕಾದರೂ ಹೋಗಬಹುದು. ಅವಳ ಕಷ್ಟವನ್ನು ನಾನು ನನ್ನದು ಅಂದರೆ ತಪ್ಪಾಗ್ತದೆ." ಇಷ್ಟು ಉದ್ದದ ಕನ್ನಡ ಅವಳ ಬಾಯಿಯಲ್ಲಿ ನಾನು ಕೇಳಿರಲಿಲ್ಲ. ಪೂರ್ತಿ ಕೇಳಿದೆ, ವ್ಯಾಕರಣ ನೋಡುತ್ತಿದ್ದೆ.

ಅಕ್ಟೋಬರ್ 30, ಗುರುವಾರ

ಲೈಬ್ರರಿಯಿಂದ ಆ ಕಾಲದ ಕೋರ್ಟುಗಳ ಬಗ್ಗೆ ಪುಸ್ತಕ ತಂದು ಓದುತ್ತಿದ್ದೇನೆ. ಮ್ಯಾಸಚೂಸೆಟ್ಸಿನಲ್ಲಿ ಗುಲಾಮರು ನಿಜವಾಗಿಯೂ ಒಡೆಯರ ಮೇಲೆ ದಾವೆ ಹೂಡುತ್ತಿದ್ದರು, ಕೆಲವರು ಗೆದ್ದಿದ್ದೂ ಉಂಟು. ಅಂದರೆ ನನ್ನ ಕುರ್ಚಿಯ ಬಾಣ ಆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ತಾಳಮದ್ದಳೆಯಲ್ಲಿ ನಿಲ್ಲುತ್ತದೆ, ಸಭೆಯವರು ಪುಸ್ತಕ ಓದಿ ಬರುವುದಿಲ್ಲ.

ಫ್ರೀವೇಯಲ್ಲಿ ಅರ್ಥ ಹೇಳುತ್ತ ಇವತ್ತು ಕುರ್ಚಿಯ ಮಾತಿಗೆ ಬಂದಾಗ ಹೇಳುವುದನ್ನು ನಿಲ್ಲಿಸಿದೆ. ಗಂಟಲು ಸರಿ ಇಲ್ಲ. ನಿನ್ನೆಯೂ ಅದೇ ಜಾಗದಲ್ಲಿ ಕೈಕೊಟ್ಟಿತ್ತು. ಪುಷ್ಪಾವತಿ ಕಾಳುಮೆಣಸಿನ ಕಷಾಯ ಮಾಡಿಕೊಟ್ಟಿದ್ದಾಳೆ.

ನವೆಂಬರ್ 16, ಭಾನುವಾರ

ನಿನ್ನೆ ತಾಳಮದ್ದಳೆ ಆಯಿತು. ಸ್ಯಾನ್ ಡಿಯಾಗೋದ ಶಾಲೆಯೊಂದರ ಸಭಾಂಗಣ, ಜನ ತುಂಬಿದ್ದರು. ವಿವರವಾಗಿ ಬರೆದಿಡಬೇಕು.

ಮೊದಲರ್ಧ ನನ್ನದೇ ಆಟ. ಪೀಠಿಕೆಯಲ್ಲಿ ಅಮೋಸನ ಬಾಲ್ಯ, ಅಪ್ಪನ ಪೀಪಾಯಿ, ಕುದುರೆಯ ಮೇಲಿನ ವಕೀಲಿಕೆ, ಎಲ್ಲವನ್ನೂ ಎಳೆ ಎಳೆಯಾಗಿ ಬಿಡಿಸಿದೆ. 'ನಮ್ಮನ್ನು ಕೇಳದೆ ನಮ್ಮ ಹಣೆಬರಹ ಬರೆಯಲು ನೀನು ಯಾರು ರಾಜಾ' ಅಂದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಚೆಂಡೆಯವನೂ ಖುಷಿಯಲ್ಲಿ ಎರಡು ಪೆಟ್ಟು ಜಾಸ್ತಿ ಕೊಟ್ಟ.

ಆಮೇಲೆ ಡೈನಾ. ಏಕನಾಥ ಪದ್ಯ ಮುಗಿಸಿದ. ಅಶ್ವಿತಾ ಮಾತು ಶುರು ಮಾಡಲಿಲ್ಲ. ಮರೆತಳು, ಈಗ ನಾನೇ ಎತ್ತಿಕೊಡಬೇಕು ಅಂದುಕೊಂಡೆ. ಅಷ್ಟರಲ್ಲಿ ಮೆಲ್ಲಗೆ ಹೇಳಿದಳು:

"ಯಜಮಾನರೇ, ನಿಮ್ಮ ಭಾಷೆ ನನಗೆ ಪೂರ್ತಿ ಬರುದಿಲ್ಲ. ನೀವು ದೊಡ್ಡವರು ಮಾತಾಡುವಾಗ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿ ಕಲಿತದ್ದು. ತಪ್ಪಾದರೆ ಸಭೆಯವರು ಸರಿ ಮಾಡಿಕೊಳ್ಳಬೇಕು."

ನಾನು ಬರೆದುಕೊಟ್ಟದ್ದರಲ್ಲಿ ಒಂದಕ್ಷರವೂ ಇದಲ್ಲ. ಅವಳ ಕನ್ನಡ ಅಲ್ಲಲ್ಲಿ ತಡವರಿಸಿದರೆ ಅದು ಡೈನಾಳೇ ತಡವರಿಸಿದ ಹಾಗೆ. ಇಷ್ಟು ವರ್ಷ ಯಾವುದನ್ನು ನಾನು ಕೊರತೆ ಅನ್ನುತ್ತಿದ್ದೆನೋ ಅದನ್ನೇ ಎತ್ತಿ ಎದುರಿಗಿಟ್ಟುಬಿಟ್ಟಳು. ಎದುರಾಳಿಯಾದರೂ ಒಪ್ಪಬೇಕು, ಒಳ್ಳೆಯ ಪಟ್ಟು.

ನಾನು ಬಿಡುವವನಲ್ಲ. "ಡೈನಾ, ಅಂಗೈಯಷ್ಟು ಕೂಸಾಗಿ ನನ್ನ ಮನೆಗೆ ಬಂದೆ. ನನ್ನ ಅನ್ನ ಹಾಕಿ ಸಾಕಿದೆ. ಸಾಕಿ, ಓದಿಸಿ, ಕಾರು ಕೊಡಿಸಿದ ಮನೆಯನ್ನೇ ಕೋರ್ಟಿಗೆ ಎಳೆಯುವುದು ಯಾವ ಧರ್ಮ?" ನಮ್ಮ ಮನೆಯ ವಿಷಯ ತಿಳಿದವರೆಲ್ಲ ಘೊಳ್ಳನೆ ನಕ್ಕರು.

ನಗು ಮುಗಿಯುವವರೆಗೆ ಅವಳು ಕಾದಳು. "ಡೈನಾಳಿಗೆ ಕಾರು ಇರಲಿಲ್ಲ ಯಜಮಾನರೇ. ನೀವು ಬೇರೆ ಯಾರ ಹತ್ತಿರವೋ ಮಾತಾಡ್ತಿದ್ದೀರಿ. ಅವಳ ಹತ್ತಿರ ಮನೆಗೆ ಹೋಗಿ ಮಾತಾಡಿ. ಇಲ್ಲಿ ಕೂತದ್ದು ಡೈನಾ."

ಈಗ ಚಪ್ಪಾಳೆ ಅವಳಿಗೆ. ಹಿಂದಿನ ಸಾಲಿನಲ್ಲಿ ಪುಷ್ಪಾವತಿಯೂ ತಟ್ಟುತ್ತಿದ್ದಳು, ನಾನು ನೋಡಿದೆ.

ಅವಳು ಮುಂದುವರಿಸಿದಳು. "ಸಾಕಿದೆ ಅಂದಿರಿ. ಈ ಸಾಕು ಅನ್ನುವ ಮಾತು ನನಗೆ ಸರಿ ತಿಳಿಯುದಿಲ್ಲ. ಕೋಳಿ ಸಾಕುದು, ನಾಯಿ ಸಾಕುದು, ಮಕ್ಕಳನ್ನೂ ಸಾಕುದು. ಊಟಕ್ಕೆ ಕೂತವರು ಎಲೆಗೆ ಕೈ ಅಡ್ಡ ಹಿಡಿದು ಹೇಳುದೂ ಸಾಕು. ಅವರು ಸಾಕು ಅಂದ ಕೂಡಲೇ ಬಡಿಸುವವರು ನಿಲ್ಲಿಸ್ತಾರೆ, ಅಲ್ವಾ? ಅದೇ ಮಾತು ನಾನು ಹೇಳಲಿಕ್ಕೆ ಕೋರ್ಟಿಗೆ ಯಾಕೆ ಬರಬೇಕಾಯಿತು? ಯಜಮಾನರೇ, ನೀವು ನನ್ನನ್ನು ಸಾಕಿದ್ದು ಸಾಕು."



ನನ್ನ ಸರದಿ. ಕುರ್ಚಿಯ ಬಾಣ ನಾಲಿಗೆಯ ತುದಿಯಲ್ಲಿತ್ತು. ನಾನು ಶುರು ಮಾಡಿದರೆ ನಿಲ್ಲಿಸಬೇಕು ಅಂತ ಏಕನಾಥ ತಾಳ ಎತ್ತಿ ಹಿಡಿದಿದ್ದ. ಬಾಯಿ ತೆರೆದೆ. ಎದುರಿಗೆ ಕೂತವಳನ್ನು ನೋಡಿದೆ. ಅವಳನ್ನು ನೋಡಿಕೊಂಡು ಕುರ್ಚಿ ಅನ್ನಲು ಆಗಲಿಲ್ಲ. ಅಮೋಸನಿಗಾದರೂ ಹೇಗೆ ಆದೀತು? ಅವನೂ ಅವಳನ್ನು ದಿನಾ ನೋಡಿದವನು. ಅಥವಾ ನೋಡಿರಲಿಲ್ಲವೋ ಏನೋ, ಊರಿಗೆಲ್ಲ ಸ್ವಾತಂತ್ರ್ಯ ಹೇಳುವ ಗಡಿಬಿಡಿಯಲ್ಲಿ.

"ಭಾಗವತರೇ, ಪದ್ಯ ಆಗಲಿ" ಅಂದೆ.

ಏಕನಾಥನಿಗೆ ಮೊದಲು ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. ಜ್ಯೂರಿ ಡೈನಾಳನ್ನು ಬಿಡುಗಡೆ ಮಾಡಿದ ಪದ್ಯವನ್ನು ಅವನು ಹಾಡಿದ.

ಗಂಟಲಿನ ತೊಂದರೆ ಅಂತ ಎಲ್ಲರಿಗೂ ಹೇಳಿದ್ದೇನೆ. ಪುಷ್ಪಾವತಿ ಮಾತ್ರ ಕಾರಿನಲ್ಲಿ, "ಇಷ್ಟು ವರ್ಷದಲ್ಲಿ ಇವತ್ತು ಒಂದು ದಿನ ಚೆಂದ ಅರ್ಥ ಹೇಳಿದ್ರಿ" ಅಂದಳು. ಹೇಳದೇ ಇದ್ದದ್ದನ್ನು ಹೊಗಳುವುದು ಯಾವ ಸೀಮೆಯ ವಿಮರ್ಶೆ?

ನವೆಂಬರ್ 22, ಶನಿವಾರ

ನಿನ್ನೆ ಸಂಜೆ ಫಲಿತಾಂಶ ಬಂತು. ಪಾಸು. ಅನುಮಾನವೇ ಇರಲಿಲ್ಲ, ನನ್ನ ಮಗಳು.

ಬೆಳಿಗ್ಗೆ ಮನೆಗೆ ಬಂದಳು. ತಿಂಡಿಗೆ ಕೂತಾಗ ಸ್ಯಾನ್ ಡಿಯಾಗೋ ವಿಷಯ ತೆಗೆದಳು. ನಾನು ದೋಸೆ ತಿನ್ನುತ್ತಿದ್ದೆ, ಹಾಗಾಗಿ ಮಧ್ಯೆ ಮಾತಾಡಲಿಲ್ಲ. ದೋಸೆ ಮುಗಿಯಿತು, ಅವಳ ಮಾತು ಮುಗಿದಿರಲಿಲ್ಲ. ಇನ್ನೊಂದು ಹಾಕಿಸಿಕೊಂಡೆ.

ಹೋದ ವರ್ಷ ಅಲ್ಲಿ ಇಂಟರ್ನ್ ಆಗಿದ್ದಾಗ ಲಾಕಪ್ಪಿನಲ್ಲಿ ಒಬ್ಬ ಮುದುಕನನ್ನು ನೋಡಲು ಹೋಗಿದ್ದಳಂತೆ. ಅಂಗಡಿಯವನ ಜೊತೆ ಜಗಳ ಮಾಡಿದ ಕೇಸು. ಎಲ್ಲರೂ ಅವನಿಗೆ ಏನು ಹೇಳಬೇಕು ಅಂತ ಹೇಳಿದ್ದರು, ಏನಾಯಿತು ಅಂತ ಕೇಳಿರಲಿಲ್ಲ. ಇವಳು ಕೇಳಿದಳು. ಅವನು ಮೊದಲು ಅತ್ತ, ಆಮೇಲೆ ಹೇಳಿದ. "ಅವತ್ತು ನನಗೆ ಗೊತ್ತಾಯಿತು ಅಪ್ಪಾ, ಇದೇ ನನ್ನ ಕೆಲಸ ಅಂತ. ನಿಮ್ಮ ಮೇಲೆ ಸಿಟ್ಟಲ್ಲ."

ಉತ್ತರ ನನ್ನ ಹತ್ತಿರ ಇತ್ತು. ಈಗಲೂ ಇದೆ. "ಯಾವಾಗ ಸೇರುದು?" ಅಂತ ಕೇಳಿದೆ.

ಅವಳು ಅತ್ತಳು. ಪುಷ್ಪಾವತಿಯೂ ಅತ್ತಳು. ಕಾವಲಿಯ ಮೇಲಿನ ದೋಸೆ ಸೀದುಹೋಯಿತು.

ಬೋರ್ಡಿನವನಿಗೆ ಫೋನ್ ಮಾಡಬೇಕು. ಅಕ್ಷರ ಸ್ವಲ್ಪ ಒತ್ತೊತ್ತಾಗಿತ್ತು, ಒಂದೇ ಹೆಸರಿದ್ದರೆ ಓದಲು ಸುಲಭ.

ಜನವರಿ 14, 2015, ಬುಧವಾರ

ಸ್ಯಾನ್ ಡಿಯಾಗೋ ಕಡೆ ಕೆಲಸವಿತ್ತು ಅಂತ ಅಶ್ವಿತಾಳ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಕೆಲಸವೇನೂ ಇರಲಿಲ್ಲ. ಅವಳಿಗೆ ನಾನು ಬಂದದ್ದು ತಿಳಿಯದು.

ನೀಲಿ ಕೋಟು, ಅದು ಅವಳ ಅಮ್ಮ ಕೊಡಿಸಿದ್ದು. ಜೈಲಿನ ಬಟ್ಟೆ ಹಾಕಿದ ಹುಡುಗನೊಬ್ಬನ ಪಕ್ಕ ಕೂತು ಅವನು ಪಿಸುಗುಟ್ಟುವುದನ್ನು ಕೇಳುತ್ತಿದ್ದಳು. ಅವನು ನಿಲ್ಲಿಸಿದರೂ ಇವಳು ಮಾತಾಡಲಿಲ್ಲ, ಇನ್ನೂ ಏನಾದರೂ ಇದ್ದರೆ ಹೇಳಲಿ ಅಂತ ಕಾದಳು. ನನ್ನ ಕಾಲು ಕುಣಿಯುತ್ತಿತ್ತು. ಎದುರು ಪಕ್ಷದ ಸರ್ಕಾರಿ ವಕೀಲ ಎದ್ದು ಹೇಳಿದ ವಾದದಲ್ಲಿ ಎತ್ತು ನುಗ್ಗುವಷ್ಟು ದೊಡ್ಡ ತೂತು. ಇವಳಿಗೆ ಕಂಡಿತೋ ಇಲ್ಲವೋ. ನಾನಾಗಿದ್ದರೆ ಆಗಲೇ ಆಬ್ಜೆಕ್ಷನ್ ಹಾಕಿ ಮುಗಿಸುತ್ತಿದ್ದೆ.

ಜಡ್ಜು ತಲೆಯೆತ್ತಿ ಈ ಕಡೆ ನೋಡಿದರು. "ಕೌನ್ಸೆಲ್?" ಅಂತ ವಕೀಲರನ್ನು ಕರೆದರು.

ಅಭ್ಯಾಸಬಲ. ಅರ್ಧ ಎದ್ದುಬಿಟ್ಟಿದ್ದೆ, ಕೋಟಿನ ಗುಂಡಿ ಹಾಕಿಕೊಳ್ಳಲು ಕೈಯೂ ಹೋಗಿತ್ತು. ಪಕ್ಕದಲ್ಲಿದ್ದ ಹೆಂಗಸು, ಆ ಹುಡುಗನ ತಾಯಿ ಇರಬೇಕು, ನನ್ನ ಮುಖ ನೋಡಿದಳು. ಕೂತೆ.

ಮುಂದೆ ಅಶ್ವಿತಾ ಎದ್ದು ನಿಂತಿದ್ದಳು.